ವಯಸ್ಸಾದವರಿಗೆ ಬಚ್ಚಲಮನೆ ಸರಿಮಾಡಿಸುವುದು: ಅಂಗಡಿಗೆ ಹೋಗುವ ಮೊದಲು ಗೋಡೆ ನೋಡಿ

ನಮ್ಮಮ್ಮ ಬಿದ್ದಿದ್ದು ಸ್ನಾನ ಮಾಡುವಾಗಲ್ಲ. ಸ್ನಾನ ಮುಗಿಸಿ ಹೊರಗೆ ಕಾಲಿಡುವಾಗ. ಮೈಸೂರಿನಲ್ಲಿ 30-40 ಸೈಟಿನಲ್ಲಿ ಕಟ್ಟಿದ ಹಳೇ ಮನೆ ನಮ್ಮದು. ಬಾತ್‌ರೂಮು 4 ಅಡಿ ಅಗಲ, 7 ಅಡಿ ಉದ್ದ, ಬಾಗಿಲಿಗೆ ಒಂದೂವರೆ ಇಂಚಿನ ಗ್ರಾನೈಟ್ ಹೊಸ್ತಿಲು. ಅಷ್ಟು ವರ್ಷ ದಿನಾ ದಾಟಿದ ಹೊಸ್ತಿಲೇ. ಅವತ್ತು ಒದ್ದೆ ಕಾಲು, ಕೈಯಲ್ಲಿ ಹಿಂಡಿದ ಬಟ್ಟೆ, ಹೆಬ್ಬೆರಳು ತಾಗಿತು, ಕೈ ಊರಿ ಬಿದ್ದಳು. ಮಣಿಕಟ್ಟು ಮುರಿಯಿತು, 6 ವಾರ ಪ್ಲಾಸ್ಟರ್. ಸೊಂಟದ ಮೂಳೆ ಆಗಿದ್ದರೆ ಕಥೆಯೇ ಬೇರೆ ಇತ್ತು ಬಿಡಿ.

ಆಮೇಲೆ ನಾನು ಮಾಡಿದ ಮೊದಲ ಕೆಲಸ, ನೀವು ಮಾಡಬಾರದ ಮೊದಲ ಕೆಲಸ: ಸೀದಾ ಸ್ಯಾನಿಟರಿ ಅಂಗಡಿಗೆ ಹೋದೆ. ಗಾಜಿನ ಗೂಡು, ತಲೆ ಮೇಲೆ ಮಳೆ ಸುರಿಯುವ ಶವರ್, ಗೋಡೆಯೊಳಗೆ ಹುದುಗಿಸಿದ ನಲ್ಲಿ. ಇನ್ನೇನು ಅಡ್ವಾನ್ಸ್ ಕೊಡಬೇಕು ಅನ್ನುವಾಗ ಅಮ್ಮ ಫೋನಿನಲ್ಲಿ ಕೇಳಿದಳು, "ಬಕೆಟ್ ಎಲ್ಲಿಡೋದು ಕಣೋ?" ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಕ್ಯಾಟಲಾಗ್ ಮಾಡಿದವರ ಹತ್ತಿರವೂ ಇರಲಿಲ್ಲ ಅಂತ ಕಾಣುತ್ತದೆ.

ವಯಸ್ಸಾದವರಿಗೆ ಹಾಕಿಸಿ ಅನ್ನುವ ವಾಕ್-ಇನ್ ಶವರ್ ಅಂದರೆ ಬೇರೇನಲ್ಲ, ಮೆಟ್ಟಿಲು, ಕಟ್ಟೆ, ಟಬ್ಬಿನ ಅಂಚು ಯಾವುದನ್ನೂ ಹತ್ತಿ ಇಳಿಯದೆ ನೇರ ನಡೆದುಕೊಂಡು ಹೋಗುವ ಸ್ನಾನದ ಜಾಗ. ಟಬ್ಬಿಗೆ ಒಗ್ಗಿಕೊಂಡ ದೇಶಗಳಲ್ಲಿ ಅದು ದೊಡ್ಡ ಬದಲಾವಣೆ. ನಮ್ಮ ಬಚ್ಚಲು ಮೊದಲಿಂದಲೂ ಹೆಚ್ಚುಕಡಿಮೆ ಹಾಗೇ ಇದೆ ಅಲ್ವಾ? ನೆಲವೆಲ್ಲ ನೀರು, ಮೂಲೆಯಲ್ಲಿ ಜಾಲರಿ. ಅದನ್ನು ಕೆಡಿಸಿದ್ದು ಎರಡೇ: ಬಾಗಿಲಲ್ಲಿ ಹೊಸ್ತಿಲು, ನೆಲದಲ್ಲಿ ಕನ್ನಡಿಯಂಥ ಟೈಲ್ಸ್. ಹಾಗಾಗಿ ಪೂರ್ತಿ ಹೊಸ ಬಾತ್‌ರೂಮು ಕಟ್ಟಿಸಬೇಕು ಅಂತ ಗಾಬರಿ ಬೇಡ.

ಮೊದಲು ಒಂದು ವಾರ ಸುಮ್ನೆ ನೋಡಿ

ಟೇಪು ಹಿಡಿಯುವ ಮೊದಲು ಮನೆಯ ಹಿರಿಯರು ಹಾಸಿಗೆಯಿಂದ ಎದ್ದು ಬಾತ್‌ರೂಮಿಗೆ ಹೋಗಿ ಬಟ್ಟೆ ಹಾಕಿಕೊಂಡು ಬರುವ ತನಕ ಏನೇನು ಮಾಡುತ್ತಾರೆ, ಎಲ್ಲೆಲ್ಲಿ ಕೈ ಇಡುತ್ತಾರೆ, ಗಮನಿಸಿ. ಒಳಗಿನದ್ದು ನೋಡೋಕೆ ಆಗಲ್ಲ, ಸರಿ. ಸ್ನಾನದ ಬಟ್ಟೆ ಬದಲು ಮನೆ ಬಟ್ಟೆಯಲ್ಲೇ ಒಂದು ಸಲ ನಡೆದು ತೋರಿಸಿ ಅಂತ ಕೇಳಿ. ಅಮ್ಮ ನಗುತ್ತಾ ತೋರಿಸಿದಳು. ಬಾಗಿಲ ಚೌಕಟ್ಟು ಹಿಡಿದಳು, ಆಮೇಲೆ ಟವೆಲ್ ರಾಡು, ಆಮೇಲೆ ನಲ್ಲಿ, ಕೂರುವಾಗ ಎಡಗೈಯನ್ನು ಗೋಡೆಗೆ ಊರಿದಳು.

ಆಗ ಕಣ್ಣಿಗೆ ಬಿತ್ತು. ಬಿಳಿ ಟೈಲ್ಸಿನ ಮೇಲೆ, ನನ್ನ ಸೊಂಟದಷ್ಟು ಎತ್ತರದಲ್ಲಿ, ಅಂಗೈ ಅಗಲದ ಮಾಸಲು ಗುರುತು. ಎಷ್ಟೋ ವರ್ಷದ ಎಣ್ಣೆ, ಸೋಪು, ಅರಿಶಿನದ ಕೈ ಅಲ್ಲೇ ಊರಿ ಊರಿ ಟೈಲ್ಸ್ ಸಂದಿಗೆ ತುಂಬಿದ ಗ್ರೌಟ್ ಗೆರೆ ಹಳದಿ ತಿರುಗಿತ್ತು. ಚೌಕಟ್ಟಿನ ಪೇಂಟು ಕೂಡ ಒಂದೇ ಕಡೆ ಸವೆದಿತ್ತು. ಕೈಪಿಡಿ, ಅಂದರೆ ಹಿಡಿದುಕೊಳ್ಳಲು ಗೋಡೆಗೆ ಕೂರಿಸುವ ಕಂಬಿ, ಎಲ್ಲಿ ಹಾಕಿಸಬೇಕು ಅಂತ ಯಾವ ಎಂಜಿನಿಯರೂ ಇಷ್ಟು ಸರಿಯಾಗಿ ಹೇಳಲಾರ. ನಿಮ್ಮ ಮನೆಯಲ್ಲೂ ಇಂಥ ಗುರುತು ಇರುತ್ತದೆ, ಕ್ಲೀನ್ ಮಾಡಿ ಅಳಿಸುವ ಮೊದಲು ಪೆನ್ಸಿಲ್ಲಿನಲ್ಲಿ ಗೆರೆ ಎಳೆದಿಡಿ.

ಬಾಗಿಲು ಮತ್ತು ಹೊಸ್ತಿಲು

ಬಾಗಿಲು ಒಳಗೆ ತೆರೆದುಕೊಳ್ಳುತ್ತಿದ್ದರೆ ಅದನ್ನು ಇವತ್ತೇ ಬದಲಾಯಿಸುವ ಯೋಚನೆ ಮಾಡಿ. ಒಳಗೆ ಬಿದ್ದವರು ಬಾಗಿಲಿಗೆ ಅಡ್ಡ ಬಿದ್ದರೆ ಹೊರಗಿನಿಂದ ತಳ್ಳಿದಷ್ಟೂ ಅವರಿಗೇ ಪೆಟ್ಟು. ಹೊರಗೆ ತೆರೆಯುವ ಹಾಗೆ ಹಿಂಜು ತಿರುಗಿಸಿ ಹಾಕುವುದು ಒಳ್ಳೆಯ ಬಡಗಿಗೆ ದೊಡ್ಡ ಕೆಲಸವಲ್ಲ. ಜಾಗ ಇಲ್ಲದಿದ್ದರೆ ಗೋಡೆಗೆ ಒತ್ತಿ ಸರಿಯುವ ಬಾಗಿಲು. ಒಳಗಿನ ಚಿಲಕ ತೆಗೆಸಿ, ಹೊರಗಿನಿಂದ ನಾಣ್ಯ ಹಾಕಿ ತಿರುಗಿಸಿದರೆ ಬಿಡುವಂಥ ಲಾಕ್ ಹಾಕಿಸಿ. ಅಮ್ಮ ಚಿಲಕವೇ ಇಲ್ಲದೆ ಸ್ನಾನ ಮಾಡಲ್ಲ ಅಂತ ಹಟ ಹಿಡಿದಿದ್ದಳು, ಅದೂ ನ್ಯಾಯವೇ.

ಅಗಲ: ನಮ್ಮ ಕಡೆ ಬಾತ್‌ರೂಮು ಬಾಗಿಲು ಸಾಮಾನ್ಯವಾಗಿ ಎರಡೂವರೆ ಅಡಿ, ಚೌಕಟ್ಟು ಕಳೆದರೆ ಇನ್ನೂ ಕಮ್ಮಿ. ವಾಕರ್ ಹೇಗೋ ನುಗ್ಗುತ್ತದೆ, ವೀಲ್‌ಚೇರ್ ಚಕ್ರಕ್ಕೆ ಕೈ ಹಾಕಿದರೆ ಗೆಣ್ಣು ತರಚುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಹೊರಡಿಸಿದ, ಎಲ್ಲರೂ ಬಳಸುವಂಥ ಕಟ್ಟಡಗಳ ಮಾರ್ಗಸೂಚಿಯಲ್ಲಿ ಬಾಗಿಲಿಗೆ 900 ಮಿಲಿಮೀಟರ್ ತೆರವು ಹೇಳಿದ್ದಾರೆ, ಅಂದರೆ ಹತ್ತಿರ ಹತ್ತಿರ 3 ಅಡಿ. ಅದು ಮನೆಗೆ ಕಡ್ಡಾಯ ಅಂತಲ್ಲ, ಆದರೆ ಹೇಗೂ ಗೋಡೆ ಒಡೆಯುತ್ತಿದ್ದರೆ ಆ ಅಳತೆಗೇ ಒಡೆಸಿ.

ಹೊಸ್ತಿಲು ತೆಗೆದರೆ ನೀರು ಹಾಲಿಗೆ ಬರುತ್ತದೆ ಅಂತ ಎಲ್ಲ ಮೇಸ್ತ್ರಿಗಳೂ ಹೇಳುತ್ತಾರೆ. ಬರುತ್ತದೆ, ನೆಲದ ಇಳಿಜಾರು, ಅವರ ಭಾಷೆಯಲ್ಲಿ ವಾಟ, ಸರಿ ಇಲ್ಲದಿದ್ದರೆ. ಸ್ನಾನದ ಜಾಗವನ್ನು ಬಾಗಿಲಿಂದ ದೂರದ ತುದಿಗೆ ಇಟ್ಟುಕೊಂಡು, ಬಾಗಿಲಿಂದ ಜಾಲರಿಯ ಕಡೆಗೆ 4 ಅಡಿಗೆ 1 ಇಂಚಿನಷ್ಟು ಇಳಿಸಿದರೆ ಸಾಕು. ಅದಕ್ಕಿಂತ ಜಾಸ್ತಿ ಇಳಿಸಿದರೆ ನಿಂತವರ ಮೈ ವಾಲುತ್ತದೆ, ಕುರ್ಚಿಯೂ ವಾಲುತ್ತದೆ. ರೂಮು ತೀರಾ ಚಿಕ್ಕದಾದರೆ ಬಾಗಿಲ ಉದ್ದಕ್ಕೂ ಒಂದು ಉದ್ದ ಜಾಲರಿಯ ಚಾನಲ್ ಕೂರಿಸಿ, ದಾಟಿ ಬಂದ ನೀರು ಅಲ್ಲೇ ಇಳಿಯುತ್ತದೆ. ಏನೇ ಆದರೂ ಸ್ವಲ್ಪ ಅಂಚು ಬೇಕೇ ಬೇಕು ಅಂದರೆ ಅರ್ಧ ಇಂಚು, ಅದನ್ನೂ ಎರಡೂ ಕಡೆ ಓರೆಯಾಗಿ ತೇಯಿಸಿ.

ಮಹಡಿ ಮೇಲಿನ ಫ್ಲಾಟ್ ಆದರೆ ಒಂದು ಮಾತು. ಬಾತ್‌ರೂಮಿನ ಸ್ಲ್ಯಾಬ್ ಎಷ್ಟು ತಗ್ಗಿದೆ ಅನ್ನುವುದರ ಮೇಲೆ ಪೈಪಿಗೆ ಎಷ್ಟು ಇಳಿಜಾರು ಸಿಗುತ್ತದೆ ಅನ್ನುವುದು ನಿಂತಿದೆ. ಅಸೋಸಿಯೇಷನ್ನಿಗೂ ಕೆಳಗಿನ ಮನೆಯವರಿಗೂ ಹೇಳದೆ ಒಡೆಯಬೇಡಿ.

ನಮ್ಮ ಮೇಸ್ತ್ರಿ ಇಳಿಜಾರು ಕೊಟ್ಟರು, ತಪ್ಪು ಮೂಲೆಗೆ. ಕುರ್ಚಿ ಇಡುವ ಕಡೆಯೇ ನೀರು ನಿಲ್ಲುತ್ತಿತ್ತು. "ಒಣಗಿದ ಮೇಲೆ ಸರಿಹೋಗುತ್ತೆ ಸಾರ್" ಅಂದರು! ಎರಡೇ ವಾರಕ್ಕೆ ಅಲ್ಲಿ ಪಾಚಿ. ಆರು ಟೈಲ್ಸ್ ಕಿತ್ತು ಮತ್ತೆ ಹಾಕಿಸಿದೆ. ಅದಕ್ಕೇ ಹೇಳುತ್ತೇನೆ, ಟೈಲ್ಸ್ ಕೂರಿಸುವ ದಿನ ಮನೆಯಲ್ಲಿರಿ. ರಸಮಟ್ಟ ಇಟ್ಟು ತೋರಿಸಿ ಅನ್ನಿ. ಗಾರೆ ಹಸಿ ಇರುವಾಗಲೇ ಟೈಲ್ಸ್ ಮೇಲೆ ಒಂದು ಗೋಲಿ ಬಿಟ್ಟು ನೋಡಿ, ಎಲ್ಲಿಂದ ಬಿಟ್ಟರೂ ಜಾಲರಿ ಕಡೆಗೇ ಉರುಳಬೇಕು. ಅದಕ್ಕೂ ಮುಂಚೆ, ವಾಟರ್ ಪ್ರೂಫಿಂಗ್ ಮಾಡಿದ ಮೇಲೆ ಜಾಲರಿ ಮುಚ್ಚಿ ಒಂದೆರಡು ಇಂಚು ನೀರು ನಿಲ್ಲಿಸಿ, ಕಮ್ಮಿ ಅಂದರೂ 24 ಗಂಟೆ, ಸಾಧ್ಯವಾದರೆ ಎರಡು ದಿನ. ನೀರು ಗಮನಕ್ಕೆ ಬರುವಷ್ಟು ಇಳಿದರೆ ಟೈಲ್ಸ್ ಹಾಕಲು ಬಿಡಬೇಡಿ.

ನೆಲ: ಎಣ್ಣೆ ಸ್ನಾನದ ಪರೀಕ್ಷೆ

ಅಂಗಡಿಯಲ್ಲಿ ಎಲ್ಲ ಟೈಲ್ಸೂ ಆ್ಯಂಟಿ ಸ್ಕಿಡ್ಡೇ. ಒಣಗಿದ ಟೈಲ್ಸ್ ಮೇಲೆ ಶೂ ಹಾಕಿಕೊಂಡು ನಿಂತರೆ ಯಾವುದು ಜಾರುತ್ತದೆ ಹೇಳಿ? R9ರಿಂದ R13ರ ತನಕ ಒಂದು ಅಂಕಿ ಇರುತ್ತದೆ, ಅಂಕಿ ಏರಿದಂತೆ ಹಿಡಿತ ಜಾಸ್ತಿ. ಸ್ನಾನದ ಜಾಗಕ್ಕೆ R11 ಕೇಳಿ. R12, R13 ಕಾರ್ಖಾನೆಗೆ, ದೊಡ್ಡ ಅಡುಗೆಮನೆಗೆ, ಉಜ್ಜಿ ಉಜ್ಜಿ ಕೈ ಸೋಲುತ್ತದೆ. ಆದರೆ ಇದರಲ್ಲೊಂದು ಸಂಗತಿ ಇದೆ, ಈ R ಪರೀಕ್ಷೆ ಬೂಟು ಹಾಕಿಕೊಂಡು ಮಾಡುವುದು. ಬರಿಗಾಲಿಗೆ ಬೇರೆ ಪರೀಕ್ಷೆ ಇದೆ, ಅದರಲ್ಲಿ A, B, C ಅಂತ ದರ್ಜೆ, C ಎಲ್ಲಕ್ಕಿಂತ ಒಳ್ಳೆಯದು. ಪೆಟ್ಟಿಗೆ ಮೇಲೆ ಅದೂ ಇದ್ದರೆ ನೋಡಿ.

ನಾನು ಮಾಡಿದ್ದು ಇನ್ನೂ ಸುಲಭ. ಮೂರು ಬಗೆಯ ಸ್ಯಾಂಪಲ್ ಟೈಲ್ಸ್ ಮನೆಗೆ ತಂದೆ. ಹಿಂದಿನ ಅಂಗಳದಲ್ಲಿ ಇಟ್ಟು ಮೊದಲು ಸೋಪಿನ ನೀರು, ಆಮೇಲೆ ನಾಲ್ಕು ಹನಿ ಹರಳೆಣ್ಣೆ. ಗೋಡೆ ಹಿಡಿದುಕೊಂಡು ಬರಿಗಾಲಲ್ಲಿ ನಿಂತು ತಿರುಗಿಸಿ ನೋಡಿದೆ, ಎರಡು ಅಲ್ಲೇ ಫೇಲು. (ಈ ಪರೀಕ್ಷೆ ನೀವು ಮಾಡಿ, ಅಮ್ಮ ಅಪ್ಪನ ಕೈಲಿ ಮಾಡಿಸಬೇಡಿ.) ನಮ್ಮ ಮನೆಗಳಲ್ಲಿ ಇದೇ ನಿಜವಾದ ಪರೀಕ್ಷೆ, ಯಾಕೆಂದರೆ ಯುಗಾದಿ ಬರುತ್ತದೆ, ನರಕ ಚತುರ್ದಶಿ ಬರುತ್ತದೆ, ಎಪ್ಪತ್ತು ದಾಟಿದ ಯಾವ ತಾಯಿಯೂ ಅವತ್ತು ಎಣ್ಣೆ ಹಚ್ಚದೆ ಸ್ನಾನ ಮಾಡಲ್ಲ. ಮೈಗೆ ಹಚ್ಚಿದ ಎಣ್ಣೆ ಬಿಸಿನೀರಿನ ಜೊತೆ ಇಳಿದು ಪಾದದ ಕೆಳಗೇ ಬರುತ್ತದೆ. ಸೀಗೆಪುಡಿಯೋ ಕಡಲೆಹಿಟ್ಟೋ ನೆಲದ ಮೇಲೂ ಒಂದು ಹಿಡಿ ಉದುರಿಸಿ ಉಜ್ಜಿ ತೊಳೆಯುವ ಹಳೇ ಅಭ್ಯಾಸ ಸುಮ್ಮನೆ ಬಂದಿದ್ದಲ್ಲ.

ದೊಡ್ಡ ಟೈಲ್ಸ್ ಬೇಡ. 1 ಅಡಿಗೆ 1 ಅಡಿಯದು ಅಥವಾ ಇನ್ನೂ ಚಿಕ್ಕದು ಹಾಕಿಸಿ, ಸಂದು ಜಾಸ್ತಿ ಇದ್ದಷ್ಟು ಕಾಲಿಗೆ ಹಿಡಿತ, ಇಳಿಜಾರು ಕೊಡುವುದೂ ಸುಲಭ. ಬೆಂಕಿಯಲ್ಲಿ ಸುಟ್ಟು ಒರಟು ಮಾಡಿದ ಗ್ರಾನೈಟ್ ಕೂಡ ಒಳ್ಳೆಯದು, ಹಳೇ ಬಚ್ಚಲಿನ ಚಪ್ಪಡಿ ಕಲ್ಲಿನ ಹಾಗೆ. ರಬ್ಬರ್ ಮ್ಯಾಟ್ ಬಗ್ಗೆ ನನಗೆ ಒಲವಿಲ್ಲ, ಅಡಿಯಲ್ಲಿ ಲೋಳೆ ಕಟ್ಟಿ ಮ್ಯಾಟೇ ಜಾರುತ್ತದೆ. ಹಾಕಲೇಬೇಕಾದರೆ ದಿನಾ ಎತ್ತಿ ಒಣಗಿಸಿ. ಬೋರ್‌ವೆಲ್ ನೀರಿನ ಬಿಳಿ ಕಲೆಗೆ ಆ್ಯಸಿಡ್ ಸುರಿಯುವವರು ಸ್ವಲ್ಪ ನಿಲ್ಲಿ, ಅದು ಗ್ರೌಟನ್ನು ತಿನ್ನುತ್ತದೆ, ಆಮೇಲೆ ನೀರು ಕೆಳಗಿಳಿಯುತ್ತದೆ.

ಕೂರುವುದು, ಬಕೆಟ್ಟು, ಕೈ ಶವರ್

ನಾನು ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಂಡಿದ್ದು ಇಲ್ಲಿ. ಅಮ್ಮ ಜೀವನಪೂರ್ತಿ ಮಣೆ ಮೇಲೆ ಕೂತು, ಬಕೆಟ್ಟಿನಿಂದ ಚೊಂಬಿನಲ್ಲಿ ಮೊಗೆದು ಸ್ನಾನ ಮಾಡಿದವಳು. ಮಣೆ 4 ಇಂಚು ಎತ್ತರ. ಕೂರುವುದು ಕಷ್ಟವಲ್ಲ, ಅಲ್ಲಿಂದ ಏಳುವುದೇ ಕಷ್ಟ. ಏಳುವಾಗ ಒದ್ದೆ ಕೈಯಲ್ಲಿ ನಲ್ಲಿ ಹಿಡಿದು ಮೈಭಾರವೆಲ್ಲ ಅದರ ಮೇಲೆ ಹಾಕುತ್ತಿದ್ದಳು.

ಕುರ್ಚಿಯ ಎತ್ತರ 17ರಿಂದ 19 ಇಂಚು ಅಂತ ಸಾಮಾನ್ಯ ಲೆಕ್ಕ. ನಮ್ಮ ಕಡೆ ಕುಳ್ಳಗಿರುವ ಹೆಂಗಸರು ಬಹಳ, ಅವರಿಗೆ ಪಾದ ನೆಲಕ್ಕೆ ಪೂರ್ತಿ ಊರಬೇಕು, ಅದೇ ಮುಖ್ಯ. ಮೊಣಕಾಲಿನ ಹಿಂಭಾಗದಿಂದ ಹಿಮ್ಮಡಿ ತನಕ ಅಳೆದು ಅಷ್ಟೇ ಎತ್ತರ ಇಡಿ. ಕಾಲಿನ ಎತ್ತರ ಹೊಂದಿಸಬಹುದಾದ ಅಲ್ಯೂಮಿನಿಯಂ ಸ್ನಾನದ ಕುರ್ಚಿ ಸಿಗುತ್ತದೆ, ಎರಡು ಕಡೆ ಕೈ ಇರುವುದನ್ನೇ ತನ್ನಿ, ಕಾಲಿಗೆ ಅಗಲವಾದ ರಬ್ಬರ್ ಬುಷ್ ಇರಲಿ. ಮದುವೆ ಮನೆಯ ಪ್ಲಾಸ್ಟಿಕ್ ಕುರ್ಚಿ ಬೇಡವೇ ಬೇಡ. ಒದ್ದೆ ನೆಲದಲ್ಲಿ ಅದರ ಕಾಲು ಅಗಲಿಸುತ್ತದೆ.

ಈಗ ಯಾರೂ ಹೇಳದ ತೊಂದರೆ. ಕುರ್ಚಿ ಮೇಲೆ ಕೂತರೆ ಬಕೆಟ್ಟು ಕೆಳಗೆ ಹೋಯಿತು! ಪ್ರತಿ ಚೊಂಬಿಗೂ ಬಗ್ಗಬೇಕು, ಬಗ್ಗಿ ಏಳುವಾಗ ತಲೆ ಸುತ್ತುತ್ತದೆ. ಎರಡು ದಾರಿ. ಒಂದು, ಕುರ್ಚಿಯ ಪಕ್ಕ ಅಡಿ ಎತ್ತರದ ಚಿಕ್ಕ ಕಟ್ಟೆ ಕಟ್ಟಿಸಿ ಅದರ ಮೇಲೆ ಬಕೆಟ್ಟು, ನೇರ ಅದಕ್ಕೇ ಬೀಳುವ ಹಾಗೆ ನಲ್ಲಿ, ಆಗ ತುಂಬಿದ ಬಕೆಟ್ಟನ್ನು ಯಾರೂ ಎತ್ತುವುದಿಲ್ಲ, ಎಳೆಯುವುದೂ ಇಲ್ಲ. ಇನ್ನೊಂದು, ಕೈಯಲ್ಲಿ ಹಿಡಿಯುವ ಶವರ್. ನಾನು ಎರಡೂ ಮಾಡಿಸಿದೆ. ಮೊದಲ ಮೂರು ತಿಂಗಳು ಅಮ್ಮ ಶವರ್ ಮುಟ್ಟಲಿಲ್ಲ, "ಅದರಲ್ಲಿ ಮೈ ನೆನೆದ ಹಾಗೇ ಆಗಲ್ಲ" ಅಂದಳು. ಈಗ ಬೆನ್ನಿಗೆ, ಕಾಲಿಗೆ ಅದೇ. ತಲೆಗೆ ಮಾತ್ರ ಇವತ್ತಿಗೂ ಚೊಂಬೇ.

ಕೈ ಶವರಿನ ಪೈಪು ಒಂದೂವರೆ ಮೀಟರ್ ಇರಲಿ. ಕೂತಾಗ ಎಟುಕುವ ಎತ್ತರದಲ್ಲಿ ಕೊಕ್ಕೆ. ನಲ್ಲಿಗೆ ತಿರುಪು ಬೇಡ, ಎತ್ತಿ ಇಳಿಸುವ ಹಿಡಿ ಇದ್ದರೆ ಸೋಪಿನ ಕೈಯಲ್ಲೂ, ಮೊಣಕೈಯಲ್ಲೂ ಆಗುತ್ತದೆ. ಆ ನಲ್ಲಿ ನೀರು ಬೀಳುವ ಜಾಗಕ್ಕೆ ಹೋಗುವ ಮೊದಲೇ ಕೈಗೆ ಸಿಗಬೇಕು.

ಗಾಜಿನ ಪಾರ್ಟಿಷನ್ ಬಗ್ಗೆ ಎರಡೇ ಮಾತು: ಬೇಡ. ಪರದೆ ಸಾಕು, ಸಹಾಯಕ್ಕೆ ಒಬ್ಬರು ಒಳಗೆ ಬರಬೇಕಾದ ದಿನ ಗಾಜು ಅಡ್ಡ.

ಕೈಪಿಡಿ

ಟವೆಲ್ ರಾಡು ಕೈಪಿಡಿಯಲ್ಲ. ಗಾಳಿ ಹೀರಿ ಅಂಟಿಕೊಳ್ಳುವ ರಬ್ಬರಿನ ಹಿಡಿಗಳು ಅಂತೂ ಮೋಸ, ಇವತ್ತು ಗಟ್ಟಿ, ನಾಳೆ ಹಿಡಿದಾಗಲೇ ಕಿತ್ತು ಬರುತ್ತವೆ. ಒಂದೂಕಾಲರಿಂದ ಒಂದೂವರೆ ಇಂಚು ದಪ್ಪದ, ಮೇಲ್ಮೈ ಸ್ವಲ್ಪ ಒರಟಾಗಿರುವ ಸ್ಟೀಲ್ ಕೈಪಿಡಿ ತನ್ನಿ, ಗೋಡೆಗೂ ಅದಕ್ಕೂ ಒಂದೂವರೆ ಇಂಚು ಸಂದು ಇರಲಿ, ಅದಕ್ಕಿಂತ ಜಾಸ್ತಿ ಇದ್ದರೆ ಬೀಳುವಾಗ ತೋಳೇ ಒಳಗೆ ಸಿಕ್ಕಿಕೊಳ್ಳಬಹುದು. ಸುಲಭಕ್ಕೆ ತುಕ್ಕು ಹಿಡಿಯದ 304 ಗ್ರೇಡ್ ಸ್ಟೀಲ್ ಕೇಳಿ. ಅಂಗಡಿಯವರು ಅಯಸ್ಕಾಂತ ಹಿಡಿದು "ನೋಡಿ, ಅಂಟಲ್ಲ, 304" ಅನ್ನುತ್ತಾರೆ. ಅಗ್ಗದ 202 ಗ್ರೇಡಿಗೂ ಅಯಸ್ಕಾಂತ ಅಂಟಲ್ಲ, ಆ ಆಟಕ್ಕೆ ಮರುಳಾಗಬೇಡಿ, ಬಿಲ್ಲಿನಲ್ಲಿ ಬರೆಸಿಕೊಳ್ಳಿ.

ಎತ್ತರಕ್ಕೆ ಪುಸ್ತಕದ ಲೆಕ್ಕ 33ರಿಂದ 36 ಇಂಚು. ನಾನು ಮೊದಲು 36ಕ್ಕೆ ಹಾಕಿಸಿದೆ, ನನಗೆ ಸರಿಹೋಯಿತು, ಅಮ್ಮ ಅದನ್ನು ಬಿಟ್ಟು ನಲ್ಲಿಯನ್ನೇ ಹಿಡಿಯುತ್ತಿದ್ದಳು. ಆ ಮಾಸಲು ಗುರುತು ಅಳೆದರೆ 32. ಬಿಚ್ಚಿ ಅಲ್ಲಿಗೇ ಹಾಕಿಸಿದೆ. ಕುರ್ಚಿ ಪಕ್ಕದ ಗೋಡೆಗೆ ಅಡ್ಡಲಾಗಿ ಒಂದು, ಬಾಗಿಲ ಹತ್ತಿರ ನಿಂತ ಹಾಗೆ ಒಂದು, ಕಮೋಡ್ ಪಕ್ಕ ಒಂದು. ಬಿಳಿ ಗೋಡೆಗೆ ಬಿಳಿ ಕೈಪಿಡಿ ಬೇಡ, ಪೊರೆ ಬಂದ ಕಣ್ಣಿಗೆ ಎರಡೂ ಒಂದೇ.

ಗೋಡೆ ಯಾವುದು ಅಂತ ಮೊದಲು ತಿಳಿದುಕೊಳ್ಳಿ. ಟೊಳ್ಳು ಬ್ಲಾಕಿನ ಗೋಡೆಯಲ್ಲಿ ಮಾಮೂಲಿ ಬೋಲ್ಟ್ ನಿಲ್ಲಲ್ಲ, ಬೋಲ್ಟನ್ನು ಅಂಟಿನಿಂದ ಗೋಡೆಗೆ ಬೆಸೆಯುವ ಕೆಮಿಕಲ್ ಆ್ಯಂಕರ್ ಬೇಕು ಅಥವಾ ಗೋಡೆಯ ಆ ಭಾಗ ಒಡೆದು ಕಾಂಕ್ರೀಟ್ ತುಂಬಿಸಬೇಕು. ಟೈಲ್ಸ್ ಮುಚ್ಚುವ ಮೊದಲು ಗೋಡೆಯೊಳಗಿನ ಪೈಪುಗಳ ಪಕ್ಕ ಟೇಪು ಹಿಡಿದು ಫೋಟೊ ತೆಗೆದಿಡಿ. ಐದು ವರ್ಷ ಆದ ಮೇಲೆ ಇನ್ನೊಂದು ತೂತು ಕೊರೆಯುವಾಗ ಆ ಫೋಟೊ ಬಂಗಾರ. ಹಾಕಿದ ಮೇಲೆ ಮೇಸ್ತ್ರಿ ಎದುರಿಗೇ ನಿಮ್ಮ ಪೂರ್ತಿ ಭಾರ ಹಾಕಿ ನೇತಾಡಿ. ಅವರು ನಗಲಿ ಬಿಡಿ.

ಬಿಸಿನೀರು ಮತ್ತು ಕರೆಂಟು

ವಯಸ್ಸಾದ ಚರ್ಮ ತೆಳು, ಬಿಸಿ ತಟ್ಟಿದ್ದು ಗೊತ್ತಾಗುವುದೂ ತಡ, ಸಕ್ಕರೆ ಕಾಯಿಲೆ ಇದ್ದರೆ ಪಾದಕ್ಕೆ ಇನ್ನೂ ತಡ. 60 ಡಿಗ್ರಿ ನೀರು ಕೆಲವೇ ಸೆಕೆಂಡಿನಲ್ಲಿ ಸುಡುತ್ತದೆ. ಮೈಗೆ ಬೀಳುವ ನೀರು 40ರ ಆಸುಪಾಸು ಇದ್ದರೆ ಸಾಕು. ಸೋಲಾರ್ ಇದ್ದ ಮನೆಯಲ್ಲಿ ಜಾಸ್ತಿ ಹುಷಾರು: ಪೈಪಿನಲ್ಲಿದ್ದ ತಣ್ಣೀರು ಮೊದಲು ಬರುತ್ತದೆ, "ಇನ್ನೂ ಬಿಸಿ ಬಂದಿಲ್ಲ" ಅಂತ ಹಿಡಿ ಪೂರ್ತಿ ತಿರುಗಿಸಿರುತ್ತಾರೆ, ಆಮೇಲೆ ಒಮ್ಮೆಗೇ ಕೊತಕೊತ. ಬಿಸಿಯನ್ನು ತಾನೇ ಹದ ಮಾಡುವ ಥರ್ಮೋಸ್ಟಾಟಿಕ್ ಮಿಕ್ಸರ್ ಇದಕ್ಕೆ ಮದ್ದು. ಆದರೆ ಕೊಳ್ಳುವ ಮೊದಲು ಪೆಟ್ಟಿಗೆ ಮೇಲೆ ಎಷ್ಟು ಪ್ರೆಶರ್ ಬೇಕು ಅಂತ ಬರೆದಿರುವುದು ಓದಿ. ನಿಮ್ಮ ತಾರಸಿ ಟ್ಯಾಂಕು ಶವರಿಗಿಂತ 10 ಅಡಿ ಮೇಲಿದ್ದರೆ ಸಿಗುವುದು 0.3 ಬಾರ್ ಅಷ್ಟೇ, ಬಹಳ ಮಿಕ್ಸರುಗಳಿಗೆ ಅದು ಸಾಲದು. ಇಲ್ಲದಿದ್ದರೆ ಹಳೇ ಪದ್ಧತಿ: ಬಕೆಟ್ಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು, ಮೊಣಕೈ ಅದ್ದಿ ನೋಡಿ ಸ್ನಾನ.

ಗ್ಯಾಸ್ ಗೀಸರ್ ಬಾತ್‌ರೂಮಿನ ಒಳಗಿದ್ದರೆ ಹೊರಗೆ ಸಾಗಿಸಿ, ಮುಚ್ಚಿದ ರೂಮಿನಲ್ಲಿ ಅದರ ಹೊಗೆಯ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇರಲ್ಲ, ಜೀವ ಹೋಗುತ್ತದೆ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಹೀಟರ್ ಅಟ್ಟಕ್ಕೆ ಹೋಗಲಿ. ಮನೆಗೆ, ಕರೆಂಟು ಸೋರಿದರೆ ತಕ್ಷಣ ಲೈನ್ ಕಟ್ ಮಾಡುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಹತ್ತಿರ ಕೇಳಿ, ಅದರ ಟೆಸ್ಟ್ ಬಟನ್ ತಿಂಗಳಿಗೊಮ್ಮೆ ಒತ್ತಿ.

ಬಿಸಿನೀರಿನ ಸ್ನಾನ ಆದ ಕೂಡಲೇ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲಾಗುವುದು ಸಾಮಾನ್ಯ, ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಇನ್ನೂ ಜಾಸ್ತಿ. ಟವೆಲ್ ಕುರ್ಚಿಯಲ್ಲಿ ಕೂತೇ ಸಿಗಬೇಕು, ಒರೆಸಿಕೊಂಡು ಎರಡು ನಿಮಿಷ ಕೂತು ಏಳಬೇಕು. ಬಾಗಿಲ ಹೊರಗೆ ಒಣ ಜಾಗದಲ್ಲಿ ಇನ್ನೊಂದು ಕುರ್ಚಿ ಹಾಕಿ. ಅಪ್ಪಂದಿರು ಪೈಜಾಮಕ್ಕೆ ಒಂಟಿ ಕಾಲಲ್ಲಿ ನಿಂತು ಕುಣಿಯುವುದು ಅಲ್ಲಿಗೆ ನಿಲ್ಲುತ್ತದೆ.

ಒಂದು ವೈರ್‌ಲೆಸ್ ಕಾಲಿಂಗ್ ಬೆಲ್ ತಂದು ಅದರ ಗುಂಡಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ನೆಲದಿಂದ ಒಂದಡಿ ಎತ್ತರದಲ್ಲಿ ಅಂಟಿಸಿ. ಬಿದ್ದವರು ನಿಂತವರ ಎತ್ತರದ ಸ್ವಿಚ್ಚು ಮುಟ್ಟಲಾರರು. ರಾತ್ರಿಗೆ ಹಾಸಿಗೆಯಿಂದ ಬಾತ್‌ರೂಮಿನ ತನಕ ಸೆನ್ಸರ್ ದೀಪ.

ಬಾಡಿಗೆ ಮನೆಯಾದರೆ

ಒಡೆಯುವ ಹಾಗಿಲ್ಲ, ಗೊತ್ತು. ಕುರ್ಚಿ, ಕೈ ಶವರ್, ಬಕೆಟ್ಟಿಗೆ ಗಟ್ಟಿ ಸ್ಟೂಲು, ಬೆಲ್, ದೀಪ, ಇಷ್ಟು ನಾಳೆಯೇ ಆಗುತ್ತದೆ, ಬಿಟ್ಟು ಹೋಗುವಾಗ ಜೊತೆಗೆ ಬರುತ್ತದೆ. ಹೊಸ್ತಿಲಿನ ಎರಡೂ ಅಂಚಿಗೆ ಗಾಢ ಬಣ್ಣದ ಟೇಪು ಅಂಟಿಸಿ, ಕಣ್ಣಿಗೆ ಹೊಡೆಯಲಿ. ಕೈಪಿಡಿಗೆ ಮಾತ್ರ ಓನರ್ ಹತ್ತಿರ ಕೇಳಿ, ನಾಲ್ಕು ತೂತಿನ ವಿಷಯ, ಬಹಳ ಜನ ಒಪ್ಪುತ್ತಾರೆ. ಸ್ವಂತ ಮನೆಯವರೂ ಕೈಲಿ ದುಡ್ಡು ಕಮ್ಮಿ ಇದ್ದರೆ ಇದೇ ಸಾಮಾನಿಂದ ಶುರು ಮಾಡಿ, ಆಮೇಲೆ ಕೈಪಿಡಿ, ಆಮೇಲೆ ಬಾಗಿಲು, ನೆಲ ಒಡೆಯುವುದು ಕೊನೆಗೆ.

ನಮ್ಮ ಮನೆಯಲ್ಲಿ ಎಲ್ಲ ಮುಗಿದು ಮೊದಲ ದಿನವೇ ಅಮ್ಮ ಮಾಡಿದ್ದೇನು ಗೊತ್ತಾ? ಆ 32 ಇಂಚಿನ ಕೈಪಿಡಿಯ ಮೇಲೆ ಒದ್ದೆ ಟವೆಲ್ ಹರವಿದಳು. ಬಟ್ಟೆ ಇದ್ದರೆ ಹಿಡಿದ ಕೈ ಬಟ್ಟೆಯ ಸಮೇತ ಜಾರುತ್ತದೆ ಅಂತ ಹೇಳಿದೆ. ಸರಿ ಅಂದಳು. ಮೇಲೆ ಎರಡು ಕೊಕ್ಕೆ ಹೊಡೆಸಿದೆ, ಒಂದು ಹಗ್ಗವನ್ನೂ ಕಟ್ಟಿದೆ. ಕೊಕ್ಕೆಯಲ್ಲಿ ಈಗ ಅಪ್ಪನ ಪಂಚೆ ಇದೆ. ಟವೆಲ್ಲು ಕೈಪಿಡಿ ಮೇಲೇ ಇದೆ, ದಿನಾ ಬೆಳಿಗ್ಗೆ ಅವಳು ಒಳಗೆ ಹೋಗುವ ಮೊದಲು ನಾನೇ ತೆಗೆದಿಡುತ್ತೇನೆ.